ಮುಲಾಮಿಗೆ ಬಗ್ಗದ ತುರಿಕೆ: ಗೋಧಿಯೂ ಕಾರಣ ಇರಬಹುದು

ಎರಡೂ ಮೊಣಕೈ, ಮೊಣಕಾಲು, ಕುಂಡಿ, ಕೆಲವರಿಗೆ ತಲೆಯಲ್ಲೂ ಸಣ್ಣ ನೀರುಗುಳ್ಳೆ ಏಳುತ್ತವೆ. ಉರಿ, ತುರಿಕೆ ತಡೆಯೋಕಾಗಲ್ಲ. ಗುಳ್ಳೆ ಒಡೆದು ಗಾಯವಷ್ಟೇ ಉಳಿಯುತ್ತದೆ. ಕಜ್ಜಿ ಎಂದುಕೊಂಡು ಮೆಡಿಕಲ್ ಶಾಪಿನ ಮುಲಾಮು ಹಚ್ಚಿದರೂ ಮತ್ತೆ ಮತ್ತೆ ಬರುತ್ತಿದ್ದರೆ ಚರ್ಮದ ಡಾಕ್ಟರಿಗೆ ತೋರಿಸಬೇಕು. ಇದು ಡರ್ಮಟೈಟಿಸ್ ಹರ್ಪೆಟಿಫಾರ್ಮಿಸ್ ಇರಬಹುದು.

ಅಮೆರಿಕದ ವೈದ್ಯ ಲೂಯಿಸ್ ಡೂರಿಂಗ್ 1884ರಲ್ಲಿ ಇದನ್ನು ಗುರುತಿಸಿ ಹೆಸರಿಟ್ಟರು. ಹೆಸರಲ್ಲಿ ಹರ್ಪಿಸ್ ಇದ್ದರೂ ಆ ವೈರಸ್‌ಗೂ ಇದಕ್ಕೂ ಸಂಬಂಧವಿಲ್ಲ, ಒಬ್ಬರಿಂದ ಒಬ್ಬರಿಗೆ ಅಂಟುವುದೂ ಇಲ್ಲ. ಗೋಧಿ, ಬಾರ್ಲಿಯಲ್ಲಿರುವ ಗ್ಲುಟೆನ್ ಎಂಬ ಅಂಶ ಕೆಲವರ ಕರುಳಿಗೆ ಒಗ್ಗುವುದಿಲ್ಲ. ಅದರ ವಿರುದ್ಧ ದೇಹದ ರೋಗನಿರೋಧಕ ವ್ಯವಸ್ಥೆ ಕೆರಳುತ್ತದೆ. ಆಗ ತಯಾರಾಗುವ ಐಜಿಎ ಪ್ರತಿಕಾಯಗಳು ಚರ್ಮದಡಿ ಕೂತು ಗುಳ್ಳೆ ಎಬ್ಬಿಸುತ್ತವೆ. ಹೊಟ್ಟೆ ಸರಿಯಿದೆ ಅಂತ ಗೋಧಿಯನ್ನು ಅನುಮಾನಿಸದೇ ಇರುವುದು ತಪ್ಪು. ಇಂಥವರಲ್ಲಿ ಬಹಳ ಮಂದಿಗೆ ಹೊಟ್ಟೆಯ ತೊಂದರೆಯೇ ಕಾಣಿಸುವುದಿಲ್ಲ.

ಹಾಗಂತ ತುರಿಸಿದವರೆಲ್ಲ ಚಪಾತಿ ಬಿಡಬೇಕಿಲ್ಲ, ಕಾಯಿಲೆ ಅಪರೂಪದ್ದು. ಪರೀಕ್ಷೆಗೆ ಮೊದಲೇ ಗೋಧಿ ನಿಲ್ಲಿಸಿದರಂತೂ ರಕ್ತ ಪರೀಕ್ಷೆಯಲ್ಲಿ ರೋಗ ಸಿಗದೇ ಹೋಗಬಹುದು. ಖಚಿತವಾಗಲು ಗುಳ್ಳೆಯ ಪಕ್ಕದ ಚರ್ಮದ ಚೂರು ತೆಗೆದು ನೋಡಬೇಕು.

ಚಿಕಿತ್ಸೆಗೆ ಡ್ಯಾಪ್ಸೋನ್ ಮಾತ್ರೆ ಕೊಡುತ್ತಾರೆ, ಕೆಲವೇ ದಿನದಲ್ಲಿ ತುರಿಕೆ ಇಳಿಯುತ್ತದೆ. ಕುಷ್ಠರೋಗಕ್ಕೂ ಇದೇ ಮಾತ್ರೆ. ಚೀಟಿ ನೋಡಿ ಯಾರಾದರೂ ಮುಖ ಸಿಂಡರಿಸಿದರೆ ಅದು ಅವರ ಅಜ್ಞಾನ ಅಷ್ಟೇ. ಆದರೆ ಇದು ರಕ್ತಕಣ ಒಡೆಯಬಲ್ಲದು. ಜಿ6ಪಿಡಿ ಪರೀಕ್ಷೆ ಮಾಡಿಸದೆ ನುಂಗಬಾರದು, ಆಮೇಲೂ ಆಗಾಗ ರಕ್ತ ನೋಡಿಸಬೇಕು. ಮಾತ್ರೆ ಕರುಳನ್ನು ಸರಿಮಾಡುವುದಿಲ್ಲ. ಅದಕ್ಕೆ ಗ್ಲುಟೆನ್ ಬಿಡುವುದೊಂದೇ ದಾರಿ, ಚರ್ಮಕ್ಕೆ ಅದರ ಫಲ ಕಾಣಲು ತಿಂಗಳುಗಳೇ ಬೇಕು.

ರಾಗಿ ಮುದ್ದೆ, ಜೋಳದ ರೊಟ್ಟಿ, ಅನ್ನ, ಅಕ್ಕಿ ರೊಟ್ಟಿಗೆ ಅಡ್ಡಿಯಿಲ್ಲ. ಮೈದಾ, ಉಪ್ಪಿಟ್ಟಿನ ರವೆ, ಗೋಧಿ ಶಾವಿಗೆ, ಬ್ರೆಡ್ಡು, ಬಿಸ್ಕತ್ತು ಬೇಡ. ಇಡ್ಲಿ ರವೆ ಅಕ್ಕಿಯದು, ಆದರೆ ರವೆ ಇಡ್ಲಿ ಗೋಧಿಯದು! ಡಬ್ಬಿ ಇಂಗಿಗೂ ಎಷ್ಟೋ ಸಲ ಮೈದಾ ಬೆರೆಸಿರುತ್ತಾರೆ, ಲೇಬಲ್ ಓದಿಯೇ ತಗೋಬೇಕು.

ಗಿರಣಿಯವರು, ಕಿರಾಣಿ ಅಂಗಡಿಯವರು ಇಲ್ಲಿ ನಿಜಕ್ಕೂ ನೆರವಾಗಬಹುದು. ಗೋಧಿ ಬೀಸಿದ ಬೆನ್ನಿಗೇ ಅದೇ ಕಲ್ಲಿಗೆ ರಾಗಿ ಹಾಕಿದರೆ ಗೋಧಿ ಹಿಟ್ಟು ಸೇರಿಯೇ ಸೇರುತ್ತದೆ. ಮೈದಾ ಮೊಗೆದ ಲೋಟದಲ್ಲೇ ಅಕ್ಕಿ ಹಿಟ್ಟು ಮೊಗೆದರೂ ಅಷ್ಟೇ. ಪ್ಯಾಕೆಟ್ಟಿನ ಮೇಲೆ 'ಗ್ಲುಟೆನ್ ಫ್ರೀ' ಅಂತ ಹಾಕಲು ಕಿಲೋಗೆ 20 ಮಿಲಿಗ್ರಾಂ ಮೀರಬಾರದೆಂಬ ನಿಯಮವಿದೆ ಎಂದರೆ ಲೆಕ್ಕ ಹಾಕಿ. ಗಿರಾಕಿ ಬೇರೆ ಲೋಟ ಕೇಳಿದರೆ ಬೇಸರ ಮಾಡ್ಕೋಬೇಡಿ.