ನಿಮಗಿದು ಗೊತ್ತೇ? ಕೀಲಿಯ ಮಾತು ಕಾರಿಗೆ ಕೇಳಿಸದಾಗ

ಕೀಲೆಸ್ ಕಾರು ಲಾಕ್ ಆಗಿದೆಯೇ ಎಂದು ಹಿಡಿ ಎಳೆದು ನೋಡಿದರೆ, ಎಷ್ಟೋ ಸಲ ಆ ಎಳೆತಕ್ಕೇ ಲಾಕ್ ತೆರೆದುಕೊಳ್ಳುತ್ತದೆ. ನಿಮಗಿದು ಗೊತ್ತೇ? ಕೀ ನಿಮ್ಮ ಜೇಬಿನಲ್ಲಿದೆ, ಕೈ ಹಿಡಿಯ ಮೇಲಿದೆ. ಕಾರಿನ ಪಾಲಿಗೆ ಅದು ‘ತೆಗಿ’ ಎಂಬ ಅಪ್ಪಣೆ. ಹಿಡಿ ಮುಟ್ಟಿದರೆ ತೆರೆಯುವ ಬಗೆಯ ಕಾರುಗಳಲ್ಲಿ ಈ ಗೊಂದಲ ಹೆಚ್ಚು. ಆರ್.ಟಿ. ನಗರದ ನಮ್ಮ ಮನೆ ಮುಂದೆ ಒಂದು ಸಂಜೆ ಲಾಕ್ ಮಾಡುವುದು, ಎಳೆಯುವುದು, ಬಾಗಿಲು ತೆರೆದುಕೊಳ್ಳುವುದು, ಹೀಗೆ ಐದಾರು ಸಲ ನಡೆಯಿತು. ಕೊನೆಗೆ ಮಗಳ ಕೈಗೆ ಕೀ ಕೊಟ್ಟು ಎದುರು ಮನೆಯ ಹೊಂಗೆ ಮರದ ಬುಡಕ್ಕೆ ಕಳಿಸಿದೆ. ಈಗ ಎಳೆದರೆ ಬಾಗಿಲು ಅಲುಗಲಿಲ್ಲ. ಲಾಕ್ ಮೊದಲಿನಿಂದಲೂ ಸರಿಯಾಗಿಯೇ ಬೀಳುತ್ತಿತ್ತು. ನೀವೂ ಪರೀಕ್ಷೆ ಮಾಡುವಾಗ ಕೀ ಮೂರು ನಾಲ್ಕು ಮೀಟರ್ ದೂರದಲ್ಲಿರಲಿ.

ಕಾರೂ ಕೀಯೂ ಮಾತಾಡುವುದು ಎರಡು ಬೇರೆ ಬೇರೆ ದನಿಯಲ್ಲಿ. ಹಿಡಿಯ ಬಟನ್ ಒತ್ತಿದಾಗ ಕಾರು ಸಾಮಾನ್ಯವಾಗಿ 125 ಕಿಲೋಹರ್ಟ್ಸ್‌ನ ಆಸುಪಾಸಿನಲ್ಲಿ ‘ಯಾರಲ್ಲಿ?’ ಎನ್ನುತ್ತದೆ. ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್‌ಗಿಂತಲೂ ತಗ್ಗಿದ ದನಿ ಅದು. ಒಂದೆರಡು ಮೀಟರ್ ದಾಟದು. ಕೀ ಉತ್ತರ ಕೊಡುವುದು ಮಾತ್ರ ಎತ್ತರದ ದನಿಯಲ್ಲಿ, ಬಹುಪಾಲು ಕಾರುಗಳಲ್ಲಿ 433.92 ಮೆಗಾಹರ್ಟ್ಸ್. ಎಫ್‌ಎಂ ರೇನ್‌ಬೋ 101.3ರ ನಾಲ್ಕು ಪಟ್ಟಿಗೂ ಮೇಲೆ. ಪ್ರಶ್ನೆ ಕೇಳಿಸಲಿಲ್ಲವೋ, ಉತ್ತರ ತಲುಪಲಿಲ್ಲವೋ ಎಂದು ಬೇರ್ಪಡಿಸಿಕೊಂಡರೆ ಅರ್ಧ ರಿಪೇರಿ ಮುಗಿದಂತೆ.

ಬೇರ್ಪಡಿಸುವುದು ಕಷ್ಟವಲ್ಲ. ಕೀಯ ಮೇಲಿನ ಬಟನ್ ಒತ್ತಿದರೂ ಲಾಕ್ ಇಲ್ಲ, ಹಿಡಿಯ ಬಟನ್ ಒತ್ತಿದರೂ ಇಲ್ಲ ಎಂದರೆ ಮೊದಲ ಅನುಮಾನ ಕೀಯ ಸೆಲ್ ಮೇಲೆ. ಕೀ ಬಟನ್ ಕೆಲಸ ಮಾಡುತ್ತದೆ, ಹಿಡಿ ಮಾತ್ರ ಮಾಡುವುದಿಲ್ಲವೇ? ಎದುರು ಬದಿಯ ಹಿಡಿಯನ್ನೂ ನೋಡಿ. ಅದು ಸರಿಯಿದ್ದರೆ ಕೀಯ ತಪ್ಪಿಲ್ಲ. ಈ ಬಾಗಿಲಿನ ಸ್ವಿಚ್, ಆಂಟೆನಾ ಅಥವಾ ವೈರಿನಲ್ಲಿ ದೋಷವಿದೆ. ಮೂರು ಬಾಗಿಲು ಲಾಕ್ ಆಗಿ ಒಂದು ಮಾತ್ರ ಉಳಿದರೆ ಅದರೊಳಗಿನ ಪುಟ್ಟ ಮೋಟಾರು ಸವೆದಿರಬಹುದು. ಕಿವಿಗೊಟ್ಟು ಕೇಳಿ: ‘ಟಕ್’ ಎನ್ನುವ ಬದಲು ‘ಕರ್’ ಎಂದರೆ ಪ್ಲಾಸ್ಟಿಕ್ ಹಲ್ಲು ಸವೆದ ಸದ್ದು. ಇಷ್ಟು ನೋಡಿಕೊಳ್ಳದೆ ‘ಹೊಸ ಕೀ ಹಾಕಿಸಿ’ ಎಂಬ ಮಾತಿಗೆ ಒಪ್ಪಬೇಡಿ. ಹೊಸ ಕೀ ಅಗ್ಗದ ವಸ್ತುವಲ್ಲ.

ಸೆಲ್‌ನ ನಂಬರೇ ಅದರ ಅಳತೆ ಎಂದು ಗೊತ್ತೇ? ಸಿಆರ್2032 ಎಂದರೆ 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. ಸಿಆರ್2025ರ ಅಗಲ ಅಷ್ಟೇ, ದಪ್ಪ 2.5. ಎರಡೂ 3 ವೋಲ್ಟ್. 2032ರ ಜಾಗಕ್ಕೆ 2025 ಹಾಕಿದರೆ ಒಳಗೆ ಸಡಿಲವಾಗಿ ಕೂತು, ಕೀ ಒಮ್ಮೆ ಕೆಲಸ ಮಾಡುತ್ತದೆ, ಒಮ್ಮೆ ಇಲ್ಲ. ಎಸ್‌.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗೇ ಹೋಗಿ, ಬೀದಿ ಕೊನೆಯ ವಾಚ್ ಅಂಗಡಿಗೇ ಹೋಗಿ, ಹಳೆಯ ಸೆಲ್ ಕೈಯಲ್ಲಿ ಹಿಡಿದೇ ಹೋಗಿ. ಮಕ್ಕಳು ಬಾಯಿಗಿಟ್ಟರೆ ಉಗುಳಲಿ ಎಂದು ಕೆಲವು ಸೆಲ್‌ಗಳಿಗೆ ಕಹಿ ಲೇಪನವಿರುತ್ತದೆ. ಆ ಲೇಪನ ಲೋಹದ ನಾಲಿಗೆಗೆ ಸಂಪರ್ಕ ತಪ್ಪಿಸುವುದೂ ಉಂಟು. ಹೊಸ ಸೆಲ್ ಹಾಕಿದ ಮೇಲೂ ಕೀ ಸತ್ತಂತಿದ್ದರೆ ಲೇಪನವಿಲ್ಲದ್ದನ್ನು ಹಾಕಿ ನೋಡಿ.

ತೆಗೆದ ಹಳೆಯ ಸೆಲ್ ಟೀಪಾಯಿಯ ಮೇಲೆ ಬಿಡಬೇಡಿ, ಕೈಮುಗಿದು ಕೇಳುತ್ತೇನೆ. ಕೀಗೆ ಸಾಲದ ಶಕ್ತಿ ಮಗುವಿನ ಗಂಟಲಿಗೆ ಸಾಕು. ನುಂಗಿದ ಬಟನ್ ಸೆಲ್ ಎರಡೇ ಗಂಟೆಯಲ್ಲಿ ಅನ್ನನಾಳವನ್ನು ಸುಡಬಲ್ಲದು. ಎರಡೂ ಮುಖಕ್ಕೆ ಟೇಪ್ ಸುತ್ತಿ ಎತ್ತಿಡಿ. ನುಂಗಿದೆ ಎಂಬ ಅನುಮಾನ ಬಂದರೂ ಕಾಯದೆ ಆಸ್ಪತ್ರೆಗೆ ಓಡಿ.

ಊಟದ ಸ್ಟೀಲ್ ಡಬ್ಬಿ ಕೀಯ ಬಾಯಿ ಕಟ್ಟಬಲ್ಲದು. ಒಂದೇ ಚೀಲದಲ್ಲಿ ಡಬ್ಬಿಗೆ ಒತ್ತಿಕೊಂಡು ಕೀ ಇದ್ದರೆ ಕಾರಿನ ಪ್ರಶ್ನೆ ಲೋಹಕ್ಕೆ ಬಡಿದು ಅಲ್ಲೇ ಉಳಿಯುತ್ತದೆ. ಮೊಬೈಲ್ ಜತೆ ಒಂದೇ ಜೇಬಿನಲ್ಲಿದ್ದರೂ ಇದೇ ಪಾಡು. ಡ್ಯಾಶ್‌ಕ್ಯಾಮಿನ ಅಗ್ಗದ ಚಾರ್ಜರ್ ಗದ್ದಲ ಎಬ್ಬಿಸುವುದೂ ಇದೆ; ಕಿತ್ತಿಟ್ಟು ಎರಡು ದಿನ ನೋಡಿ.

ಅದೇ ಸ್ಟೀಲ್ ಡಬ್ಬಿ ರಾತ್ರಿಯ ಕಾವಲುಗಾರನೂ ಹೌದು. ಮನೆಯೊಳಗಿನ ಕೀಯ ಸಂಕೇತವನ್ನು ಎರಡು ಯಂತ್ರಗಳ ನಡುವೆ ದಾಟಿಸಿ ಹೊರಗಿನ ಕಾರು ತೆರೆಯುವ ಕಳ್ಳತನವಿದೆ. ಬಿಗಿ ಮುಚ್ಚಳದ ಡಬ್ಬಿಯೊಳಗೆ ಕೀ ಇಟ್ಟರೆ ಕಳ್ಳರಿಗೆ ಏನೂ ಕೇಳಿಸದು. ಇಟ್ಟ ಮೇಲೆ ಡಬ್ಬಿಯನ್ನು ಕಾರಿನ ಬಳಿ ಹಿಡಿದು ಹಿಡಿ ಎಳೆಯಿರಿ. ತೆರೆದರೆ ಬೇರೆ ಡಬ್ಬಿ ಹುಡುಕಿ.

30×40ರ ಸೈಟು, ಗೇಟಿನೊಳಗೆ ಕಾರು, ಮುಂಬಾಗಿಲ ಪಕ್ಕದ ಮೊಳೆಗೆ ಕೀ: ಉತ್ತರ ಬೆಂಗಳೂರಿನ ಎಷ್ಟು ಮನೆಗಳಲ್ಲಿ ಹೀಗಿದೆ! ಗೋಡೆಯ ಆಚೆ ಒಂದು ಮೀಟರಿಗೆ ಕಾರು. ಕೆಲವು ಕಾರುಗಳು ಹತ್ತಿರದ ಕೀಯೊಂದಿಗೆ ರಾತ್ರಿಯಿಡೀ ಮಾತಾಡುತ್ತಲೇ ಇರುತ್ತವೆ. ಎರಡರ ಬ್ಯಾಟರಿಯೂ ಬೇಗ ಬರಿದಾಗುತ್ತದೆ. ಮೊಳೆಯನ್ನು ಅಡುಗೆಮನೆ ಕಡೆಗೆ ಸಾಗಿಸಿ. ಅಂದಹಾಗೆ, ನಿಂತ ಕಾರಿನ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ತುಂಬಿದೆ ಎಂದು ಅರ್ಥ. 12ಕ್ಕಿಂತ ಕೆಳಗಿಳಿದರೆ ಲಾಕಿನ ಹುಚ್ಚಾಟಕ್ಕೆ ಬೇರೆ ಕಾರಣ ಹುಡುಕುವ ಮುನ್ನ ಅದನ್ನು ಚಾರ್ಜ್ ಮಾಡಿಸಿ.

ಕಾರು ಬೇಕೆಂದೇ ಲಾಕ್ ಆಗದಿರುವುದೂ ಉಂಟು. ಡಿಕ್ಕಿ ಪೂರ್ತಿ ಮುಚ್ಚಿಲ್ಲ, ಸ್ಟಾರ್ಟ್ ಬಟನ್ ಅಸೆಸರಿಯಲ್ಲೇ ನಿಂತಿದೆ, ಇಲ್ಲವೇ ಎರಡನೇ ಕೀ ಒಳಗಿನ ಕೈಚೀಲದಲ್ಲಿದೆ. ಬೀಪ್ ಸದ್ದು ದೂರು ಅಲ್ಲ, ಕಾರಣ ಹೇಳುತ್ತಿದೆ. ಎಲ್ಲ ಬಾಗಿಲು ಮುಚ್ಚಿದ್ದರೂ ಡ್ಯಾಶ್‌ಬೋರ್ಡಿನಲ್ಲಿ ‘ಬಾಗಿಲು ತೆರೆದಿದೆ’ ದೀಪ ಉರಿಯುತ್ತಿದ್ದರೆ ಚಿಲಕದೊಳಗಿನ ಸಣ್ಣ ಸ್ವಿಚ್ ಕೆಟ್ಟಿರಬಹುದು.

ಮಳೆಗಾಲದ ಮಾತು ಬೇರೆ. ಹಿಡಿಯ ಮೇಲಿನ ರಬ್ಬರ್ ಬಟನ್ ಬಿಸಿಲಿಗೆ ಬಿರಿದು, ಸೆಪ್ಟೆಂಬರ್–ಅಕ್ಟೋಬರಿನ ಸಂಜೆ ಮಳೆಗೆ ನೀರು ಕುಡಿಯುತ್ತದೆ. ಬಿಸಿಲು ಬಂದ ಮೇಲೆ ತಾನಾಗಿ ಸರಿಹೋಗುತ್ತದೆ. ಮಳೆ ಬಂದಾಗಲೇ ಕೆಡುತ್ತದೆ ಎಂಬ ಒಂದು ಮಾತು ಮೆಕ್ಯಾನಿಕ್‌ಗೆ ಹೇಳಿದರೆ ಅವರ ಅರ್ಧ ದಿನ ಉಳಿಯುತ್ತದೆ. ನೆರೆ ಹೊಕ್ಕ ಕಾರಿನ ಕತೆ ಇನ್ನೂ ಕಷ್ಟದ್ದು. ಯಲಹಂಕದ ಕೇಂದ್ರೀಯ ವಿಹಾರ 2021ರ ನವೆಂಬರಿನಲ್ಲಿ ಜಲಾವೃತವಾಗಿ ದೋಣಿಯಲ್ಲಿ ಜನರನ್ನು ಕರೆತರಬೇಕಾಯಿತು. 2024ರ ಅಕ್ಟೋಬರಿನಲ್ಲಿ ಮತ್ತೆ ಅದೇ ಸ್ಥಿತಿ. ಹಾಗೆ ನಿಂತ ನೀರು ಇಳಿದ ಮೇಲೂ ಕಾರ್ಪೆಟ್ಟಿನ ಕೆಳಗಿನ ಕನೆಕ್ಟರುಗಳಲ್ಲಿ ಹಸಿರು ಕಿಲುಬು ನಿಧಾನವಾಗಿ ಬೆಳೆಯುತ್ತದೆ. ಲಾಕ್ ತೊಂದರೆ ಶುರುವಾಗುವುದು ತಿಂಗಳುಗಳ ನಂತರ. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರು ಕಾರ್ಪೆಟ್ ಎತ್ತಿ ಮೂಸಿ ನೋಡಲೇಬೇಕು.

1996ರಿಂದ ಯಲಹಂಕ ವಾಯುನೆಲೆಯಲ್ಲಿ ನಡೆಯುವ ಏರೋ ಇಂಡಿಯಾದ ಪಾರ್ಕಿಂಗ್ ನೆನೆಸಿಕೊಳ್ಳಿ. ಸಾವಿರಾರು ಕಾರು, ಹೆಚ್ಚಿನವು ಅದೇ 433.92. ಇಬ್ಬರು ಒಟ್ಟಿಗೆ ಒತ್ತಿದರೆ ಎರಡೂ ಮಾತು ಕಲಸಿಹೋಗಬಹುದು, ಮತ್ತೊಮ್ಮೆ ಒತ್ತಿದರಾಯಿತು. ಆದರೂ ನಿಮ್ಮ ಕೀಗೆ ಪಕ್ಕದ ಕಾರು ತೆರೆಯದು, ಏಕೆಂದರೆ ಪ್ರತಿ ಒತ್ತಿಗೂ ಸಂಕೇತ ಬದಲಾಗುತ್ತದೆ. 1980ರ ದಶಕದಲ್ಲಿ ದಕ್ಷಿಣ ಆಫ್ರಿಕಾದಲ್ಲಿ ರೂಪುಗೊಂಡ ಕೀಲಾಕ್ ವಿಧಾನದಲ್ಲಿ ಕಾರು ಮುಂದಿನ 16 ಸಂಕೇತಗಳನ್ನು ಕೂಡಲೇ ಒಪ್ಪುತ್ತದೆ. ಮಗು ಮನೆಯಲ್ಲಿ ಆಟಕ್ಕೆ ಅದಕ್ಕಿಂತ ಹೆಚ್ಚು ಸಲ ಒತ್ತಿದ್ದರೆ? ಕಾರಿನ ಬಳಿ ಬೆನ್ನುಬೆನ್ನಿಗೆ ಎರಡು ಸಲ ಒತ್ತಿ, ಲೆಕ್ಕ ಕೂಡಿಕೊಳ್ಳುತ್ತದೆ.

ದೂರದಿಂದ ಒತ್ತಬೇಕೇ? ಕೀಯನ್ನು ಗದ್ದಕ್ಕೆ ತಾಗಿಸಿ ಒತ್ತಿ. ತಲೆಯೊಳಗಿನ ನೀರಿನಂಶದ ನೆರವಿನಿಂದ ಸಂಕೇತ ಇನ್ನಷ್ಟು ದೂರ ಹೋಗುತ್ತದೆ. ಇದು ನಿಜ.

ರಿಮೋಟ್ ಲಾಕ್ ಮೊದಲು ಬಂದದ್ದು 1982ರ ರೆನೋ ಫ್ಯುಯೆಗೋ ಕಾರಿನಲ್ಲಿ. 2013ರಲ್ಲಿ ಬೆಂಗಳೂರಿನ ಬೊಮ್ಮಸಂದ್ರದಲ್ಲೇ ತಯಾರಾದ ಮಹೀಂದ್ರ ಇ2ಓ ಫೋನಿನ ಆಪ್‌ಗೂ ಬಾಗಿಲು ಲಾಕ್ ಮಾಡುತ್ತಿತ್ತು.

ಯಶವಂತಪುರ ರೈಲು ನಿಲ್ದಾಣದ ಬಳಿ ಕಾರು ನಿಲ್ಲಿಸಿ ರೈಲಿಗೆ ಓಡುವವರೇ, ನಡೆಯುತ್ತಾ ಹಿಂದಕ್ಕೆ ಕೈಚಾಚಿ ಒತ್ತಬೇಡಿ. ಅದೇ ತರಂಗದಲ್ಲಿ ಬೇರೊಂದು ಸದ್ದಿದ್ದರೆ ಲಾಕ್ ಆಗುವುದಿಲ್ಲ. ಯಾರಾದರೂ ಬೇಕೆಂದೇ ಆ ಸದ್ದು ಮಾಡುತ್ತಿರಲೂಬಹುದು. ಇಂಡಿಕೇಟರ್ ಮಿನುಗುವವರೆಗೆ, ಕನ್ನಡಿ ಮಡಚುವ ಕಾರಾದರೆ ಕನ್ನಡಿ ಮಡಚುವವರೆಗೆ ನಿಂತು ನೋಡಿ.

ಕೀಯ ಸೆಲ್ ಸತ್ತರೂ ಕಾರು ಸ್ಟಾರ್ಟ್ ಆಗುತ್ತದೆ ಎಂಬುದು ಗೊತ್ತೇ? ಕೀಯೊಳಗೆ ಸೆಲ್ ಬೇಡದ ಚಿಪ್ ಇದೆ. ಬಹಳಷ್ಟು ಕಾರುಗಳಲ್ಲಿ ಕೀಯನ್ನೇ ಸ್ಟಾರ್ಟ್ ಬಟನ್‌ಗೆ ಒತ್ತಿ ಹಿಡಿದರೆ ಸಾಕು. ಕೆಲವದರಲ್ಲಿ ಅದಕ್ಕೆಂದೇ ಒಂದು ಗೂಡಿರುತ್ತದೆ, ಕಾರಿನ ಪುಸ್ತಕದಲ್ಲಿ ನೋಡಿಟ್ಟುಕೊಳ್ಳಿ. ಒಳಗೆ ಹೋಗಲು ಕೀಯ ಹೊಟ್ಟೆಯಲ್ಲೇ ಲೋಹದ ಕೀಲಿ ಅಡಗಿದೆ. ಅದರ ರಂಧ್ರ ಎಷ್ಟೋ ಕಾರುಗಳಲ್ಲಿ ಚಾಲಕನ ಬಾಗಿಲ ಹಿಡಿಯ ಪ್ಲಾಸ್ಟಿಕ್ ಮುಚ್ಚಳದ ಕೆಳಗಿರುತ್ತದೆ. ನಮ್ಮ ಕಾರು ಬಂದು ಆರು ವರ್ಷವಾದರೂ ಅದನ್ನು ಬಳಸಿರಲಿಲ್ಲ. ಹೆಬ್ಬಾಳದ ಧೂಳೆಲ್ಲ ಒಳಗೆ ಕೂತಿತ್ತು. ಕೀಲಿ ಅರ್ಧಕ್ಕೇ ನಿಂತಿತು. ಎಣ್ಣೆ ಬಿಟ್ಟರೆ ಧೂಳು ಇನ್ನಷ್ಟು ಅಂಟುತ್ತದೆ ಎಂದು, ಮಗಳ ಪೆನ್ಸಿಲ್ ಸೀಸವನ್ನು ಹೆರೆದು ಆ ಪುಡಿಯಲ್ಲಿ ಕೀಲಿ ಹೊರಳಿಸಿ ತೂರಿಸಿದೆ. ಮೂರನೇ ಸಲಕ್ಕೆ ತಿರುಗಿತು.