ಅಗ್ಗದ ಯಂತ್ರ, ದುಬಾರಿ ಪಟ್ಟಿ

ಕಳೆದ ಬೇಸಿಗೆಯ ಒಂದು ಮಧ್ಯಾಹ್ನ, ಇನ್ನೇನು ಊಟಕ್ಕೆ ಏಳಬೇಕು ಎನ್ನುವಾಗ, ಕ್ಲಿನಿಕ್ಕಿನ ಮುಂದೆ ಒಂದು ಆಟೋ ಬಂದು ನಿಂತಿತು. ಒಳಗಿದ್ದವರು ನನಗೆ ಹನ್ನೆರಡು ವರ್ಷಗಳಿಂದ ಪರಿಚಿತರಾದ ನಿವೃತ್ತ ಗಣಿತದ ಮೇಷ್ಟ್ರು. ವಯಸ್ಸು 68. ಮೈಯೆಲ್ಲ ಬೆವರು, ಅಂಗಿ ತೊಯ್ದಿದೆ, ಮಾತು ತೊದಲುತ್ತಿದೆ. ಜೊತೆಗಿದ್ದ ಅವರ ಪತ್ನಿ "ಲಕ್ವ ಹೊಡೆದಿರಬೇಕು ಡಾಕ್ಟ್ರೇ" ಎಂದು ಅಳುತ್ತಿದ್ದರು. ಬೆರಳು ಚುಚ್ಚಿ ನೋಡಿದರೆ ರಕ್ತದ ಸಕ್ಕರೆ 41. ರಕ್ತನಾಳಕ್ಕೆ ಗ್ಲೂಕೋಸ್ ಕೊಟ್ಟ ಕೆಲವೇ ನಿಮಿಷಗಳಲ್ಲಿ ಮೇಷ್ಟ್ರು ಸುತ್ತಮುತ್ತ ನೋಡಿ "ನಾನು ಇಲ್ಲಿಗೆ ಯಾವಾಗ ಬಂದೆ?" ಎಂದು ಕೇಳಿದರು.

ಆಗಿದ್ದು ಇಷ್ಟು. ಆಸ್ಟ್ರೇಲಿಯದಲ್ಲಿರುವ ಮಗ ಎರಡು ವರ್ಷದ ಹಿಂದೆ ಒಂದು ಗ್ಲೂಕೋಮೀಟರ್ ತಂದುಕೊಟ್ಟಿದ್ದ. ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟದು, ನೋಡಲು ಬಹಳ ಚೆಂದ. ಅದರ ಜೊತೆ ಬಂದ ಸ್ಟ್ರಿಪ್, ಅಂದರೆ ರಕ್ತದ ಹನಿ ಮುಟ್ಟಿಸುವ ಪರೀಕ್ಷಾ ಪಟ್ಟಿ, ಮುಗಿಯುತ್ತ ಬಂದಾಗ ತೊಂದರೆ ಶುರುವಾಯಿತು. ಊರಿನ ಯಾವ ಔಷಧಿ ಅಂಗಡಿಯಲ್ಲೂ ಆ ಪಟ್ಟಿ ಇಲ್ಲ. ಕಂಪನಿಗೆ ಫೋನ್ ಮಾಡಿದರೆ ಒಂದು ಒತ್ತಿ, ಎರಡು ಒತ್ತಿ ಎನ್ನುವ ಧ್ವನಿಮುದ್ರಣ. ಮೂರನೆಯ ದಿನ ಸಿಕ್ಕ ಮನುಷ್ಯ "ಆ ಮಾಡೆಲ್ ಭಾರತದಲ್ಲಿ ಇಲ್ಲ ಸರ್, ಕೊಂಡ ದೇಶದಲ್ಲೇ ವಿಚಾರಿಸಿ" ಎಂದು ಫೋನ್ ಇಟ್ಟ. ಮೇಷ್ಟ್ರಿಗೆ ಸಿಟ್ಟು ಬಂತು. ಸಿಟ್ಟಿನ ಜೊತೆಗೆ ಮಿತವ್ಯಯದ ಸ್ವಭಾವ ಬೇರೆ. ಉಳಿದ ಪಟ್ಟಿಗಳನ್ನು ಜೋಪಾನವಾಗಿ, ವಾರಕ್ಕೊಂದರಂತೆ ಬಳಸತೊಡಗಿದರು. ಡಬ್ಬಿಯ ಮುಚ್ಚಳ ಒಡೆದಾಗ ಅವನ್ನು ಸ್ಟೀಲಿನ ಅಡಿಕೆ ಡಬ್ಬಿಗೆ ಹಾಕಿಟ್ಟರು. ಅವುಗಳ ಅವಧಿ ಮುಗಿದು ಆಗಲೇ ಏಳು ತಿಂಗಳಾಗಿತ್ತು. ಆ ದಿನ ಬೆಳಿಗ್ಗೆ ಯಂತ್ರ 19.4 ಎಂದಿತು. ಗಣಿತದ ಮೇಷ್ಟ್ರು ತಾನೇ, ಹದಿನೆಂಟರಿಂದ ಗುಣಿಸಿದರು: 349. ಗಾಬರಿಯಾಗಿ ಇನ್ಸುಲಿನ್ ಆರು ಯೂನಿಟ್ ಜಾಸ್ತಿ ಚುಚ್ಚಿಕೊಂಡರು. ಸಕ್ಕರೆ ಇಷ್ಟಿದೆಯಲ್ಲ ಎಂದು ತಿಂಡಿಯನ್ನೂ ಅರ್ಧ ಮಾಡಿದರು.

ಅವರು ಚೇತರಿಸಿಕೊಂಡ ಮೇಲೆ ಮನೆಯಿಂದ ಆ ಯಂತ್ರ ತರಿಸಿದೆ. ಒಂದೇ ಬೆರಳಿನ ರಕ್ತವನ್ನು ಎರಡೂ ಯಂತ್ರಗಳಿಗೆ ಕೊಟ್ಟೆವು. ನಮ್ಮದು 112 ಎಂದಿತು. ಅವರದು 13.6, ಅಂದರೆ 245.

ಹೀಗೇಕಾಗುತ್ತದೆ? ಆ ಪಟ್ಟಿ ಬರಿಯ ಪ್ಲಾಸ್ಟಿಕ್ ಅಲ್ಲ. ಅದರ ತುದಿಯಲ್ಲಿ ಒಣಗಿಸಿದ ಕಿಣ್ವವೊಂದರ ತೆಳು ಲೇಪ ಇರುತ್ತದೆ. ರಕ್ತದ ಗ್ಲೂಕೋಸ್ ಈ ಕಿಣ್ವದೊಡನೆ ವರ್ತಿಸಿದಾಗ ಅತಿ ಸಣ್ಣ ವಿದ್ಯುತ್ ಪ್ರವಾಹ ಹುಟ್ಟುತ್ತದೆ. ಯಂತ್ರ ಅಳೆಯುವುದು ಆ ಪ್ರವಾಹವನ್ನೇ. ಶಾಖ, ತೇವ, ಗಾಳಿ ತಾಗಿದರೆ ಲೇಪ ಕೆಡುತ್ತದೆ. ಕೆಟ್ಟ ಪಟ್ಟಿ ಸಕ್ಕರೆಯನ್ನು ಹೆಚ್ಚು ತೋರಿಸಬಹುದು, ಕಡಿಮೆಯೂ ತೋರಿಸಬಹುದು. ಡಬ್ಬಿಯ ಮುಚ್ಚಳದೊಳಗೆ ತೇವ ಹೀರುವ ವಸ್ತು ಇಟ್ಟಿರುವುದು ಇದಕ್ಕಾಗಿಯೇ. ಅಡಿಕೆ ಡಬ್ಬಿಯಲ್ಲಿ ಅದೆಲ್ಲಿ ಬರಬೇಕು?

ಒಂದು ಕಂಪನಿಯ ಪಟ್ಟಿ ಇನ್ನೊಂದರ ಯಂತ್ರಕ್ಕೆ ಹೊಂದುವುದಿಲ್ಲ. ಇದಕ್ಕೆ ನ್ಯಾಯವಾದ ಕಾರಣವೂ ಸ್ವಲ್ಪ ಇದೆ. ಪ್ರವಾಹವನ್ನು ಸಕ್ಕರೆಯ ಅಂಕಿಯಾಗಿ ಪರಿವರ್ತಿಸುವ ಲೆಕ್ಕ ಪಟ್ಟಿಯಿಂದ ಪಟ್ಟಿಗೆ ಬೇರೆ. ಆದರೆ ಕಾರಣ ಅದೊಂದೇ ಎಂದು ನಾನು ನಂಬುವುದಿಲ್ಲ. ಯಂತ್ರಕ್ಕೆ ಸಾವಿರ ರೂಪಾಯಿ, ಒಂದು ಪಟ್ಟಿಗೆ ಇಪ್ಪತ್ತು ರೂಪಾಯಿ ಎಂದಿಟ್ಟುಕೊಳ್ಳಿ. ದಿನಕ್ಕೆ ಎರಡರಂತೆ ತಿಂಗಳಿಗೆ 1,200, ವರ್ಷಕ್ಕೆ 14,400 ರೂಪಾಯಿ. ಲಾಭ ಇರುವುದು ಎಲ್ಲಿ ಎಂದು ಮೇಷ್ಟ್ರಿಗೆ ಹೇಳಿಕೊಡಬೇಕಿರಲಿಲ್ಲ. ಶಿಬಿರಗಳಲ್ಲಿ ಯಂತ್ರವನ್ನು ಪುಕ್ಕಟೆ ಹಂಚುವ ಔದಾರ್ಯದ ಗುಟ್ಟೂ ಇದೇ. ಕೆಲವು ವರ್ಷಗಳಲ್ಲಿ ಹೊಸ ಮಾಡೆಲ್ ಬಂದು ಹಳೆಯದರ ಪಟ್ಟಿ ನಿಂತುಹೋದರೆ ನಿಮ್ಮ ಕೈಯಲ್ಲಿ ಉಳಿಯುವುದು ಒಂದು ಆಟಿಕೆ.

ಹಾಗಾಗಿ ಯಂತ್ರ ಕೊಳ್ಳುವಾಗ ಯಂತ್ರದ ಬೆಲೆ ಕೇಳಬೇಡಿ, ಪಟ್ಟಿಯ ಬೆಲೆ ಕೇಳಿ. ಅದು ನಿಮ್ಮ ಬೀದಿಯ ಕನಿಷ್ಠ ಎರಡು ಅಂಗಡಿಗಳಲ್ಲಿ ಸಿಗುತ್ತದೆಯೇ ನೋಡಿ. ಹೊರದೇಶದ ಮಕ್ಕಳಿಗೆ ನನ್ನ ವಿನಂತಿ: ಅಪ್ಪ ಅಮ್ಮನಿಗೆ ಚಾಕೊಲೇಟ್ ತನ್ನಿ (ಸಕ್ಕರೆ ಕಾಯಿಲೆ ಇಲ್ಲದಿದ್ದರೆ), ಗ್ಲೂಕೋಮೀಟರ್ ಮಾತ್ರ ಇಲ್ಲೇ ಕೊಡಿಸಿ. ಅಳತೆಯ ಮಾನವೂ ಬೇರೆ ಇರುತ್ತದೆ. ಬ್ರಿಟನ್, ಕೆನಡಾ, ಆಸ್ಟ್ರೇಲಿಯಗಳಲ್ಲಿ ಮಿಲಿಮೋಲ್, ನಮ್ಮಲ್ಲಿ ಮಿಲಿಗ್ರಾಂ. ಕೆನಡಾದ ಯಂತ್ರದಲ್ಲಿ 6 ಎಂದು ಕಂಡ ಒಂದು ಮನೆಯವರು ಅಜ್ಜಿಯ ಸಕ್ಕರೆ ಆರಕ್ಕೆ ಇಳಿದಿದೆಯೆಂದು ಹೆದರಿ ಎರಡು ಲೋಟ ಬೆಲ್ಲದ ಪಾನಕ ಕುಡಿಸಿದ್ದರು. ಅದು ನಮ್ಮ ಲೆಕ್ಕದಲ್ಲಿ 108. ಅಜ್ಜಿ ಮಾತ್ರ ಬಹಳ ಸಂತೋಷದಲ್ಲಿದ್ದರು.

ಯಂತ್ರ ಸರಿಯಾಗಿದ್ದರೂ ಅದರ ಅಂಕಿ ಪ್ರಯೋಗಾಲಯದ ಅಂಕಿಗೆ ತಾಳೆಯಾಗಲೇಬೇಕೆಂದಿಲ್ಲ. 2013ರ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಸಕ್ಕರೆ ನೂರು ಅಥವಾ ಅದಕ್ಕಿಂತ ಹೆಚ್ಚಿದ್ದಾಗ ನೂರಕ್ಕೆ 95 ಅಳತೆಗಳು ಶೇಕಡಾ 15ರ ಒಳಗೆ ಇದ್ದರೆ ಸಾಕು. ನಿಜವಾದ ಸಕ್ಕರೆ 200 ಇದ್ದಾಗ 170 ಅಥವಾ 230 ತೋರಿಸಿದ ಯಂತ್ರ ಕೆಟ್ಟಿದೆ ಎನ್ನಲಾಗದು. ರಕ್ತಹೀನತೆ ಇದ್ದವರಲ್ಲಿ ಹಲವು ಯಂತ್ರಗಳು ನಿಜಕ್ಕಿಂತ ಹೆಚ್ಚು ತೋರಿಸುತ್ತವೆ. ಇನ್ನು ಮಾವಿನಹಣ್ಣು ಹೆಚ್ಚಿದ ಕೈಯಲ್ಲೇ ಬೆರಳು ಚುಚ್ಚಿದರೆ ಯಂತ್ರ ಅಳೆಯುವುದು ಮಾವಿನ ಸಕ್ಕರೆಯನ್ನು. 2011ರಲ್ಲಿ ಜಪಾನಿನ ವೈದ್ಯರು ಹಣ್ಣು ಸುಲಿದವರ ಬೆರಳುಗಳಲ್ಲೇ ಇದನ್ನು ತೋರಿಸಿದರು. ಸ್ಪಿರಿಟ್ ಹತ್ತಿಯಿಂದ ಒರೆಸಿದರೆ ಸಾಲದು, ನೀರಿನಲ್ಲಿ ತೊಳೆದು ಚೆನ್ನಾಗಿ ಒರೆಸಿಕೊಳ್ಳಬೇಕು. ಯಂತ್ರದ ಅಂಕಿಗೂ ನಿಮ್ಮ ದೇಹಸ್ಥಿತಿಗೂ ಹೊಂದದಿದ್ದರೆ ಕೈ ತೊಳೆದು ಹೊಸ ಪಟ್ಟಿಯಲ್ಲಿ ಮತ್ತೊಮ್ಮೆ ನೋಡಿ. ಆಗಲೂ ಸಂಶಯವಿದ್ದರೆ ಇನ್ಸುಲಿನ್ ಏರಿಸುವ ಮುನ್ನ ವೈದ್ಯರನ್ನು ಕೇಳಿ.

ಬೆವರು, ನಡುಕ, ಎದೆಬಡಿತ, ಗೊಂದಲ ಕಂಡಾಗ ಮಾತ್ರ ಯಂತ್ರಕ್ಕಾಗಿ ಹುಡುಕಬೇಡಿ. ರೋಗಿಗೆ ಎಚ್ಚರವಿದ್ದು ನುಂಗಲು ಆಗುವುದಾದರೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, ಹದಿನೈದು ನಿಮಿಷದ ನಂತರ ಅಳೆಯಿರಿ. ಎಚ್ಚರವಿಲ್ಲದವರ ಬಾಯಿಗೆ ಏನನ್ನೂ ಹಾಕದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ಇಷ್ಟೆಲ್ಲ ಪಟ್ಟಿ ಎಲ್ಲರಿಗೂ ಬೇಕೇ? ಬೇಡ. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಬೇಕು. ಸಕ್ಕರೆಯನ್ನು ತೀರ ಇಳಿಸಬಲ್ಲ ಮಾತ್ರೆ ನುಂಗುವವರಿಗೆ ಆಗಾಗ ಬೇಕು. ಬರಿಯ ಮೆಟ್‌ಫಾರ್ಮಿನ್ ನುಂಗುತ್ತ, ಮೂರು ತಿಂಗಳ ಸರಾಸರಿ ಪರೀಕ್ಷೆಯಲ್ಲಿ ಹತೋಟಿಯಲ್ಲಿರುವವರು ದಿನಾ ಬೆರಳು ಚುಚ್ಚಿಕೊಳ್ಳುವುದರಿಂದ ಕಂಪನಿಗಷ್ಟೇ ಲಾಭ. ಮೇಷ್ಟ್ರ ಮನೆಯಲ್ಲಿ ಆದದ್ದು ಇದರ ತಿರುವು ಮುರುವು. ಬೇಕಾದವರು ಪಟ್ಟಿ ಉಳಿಸುತ್ತಿದ್ದರು, ಬರಿಯ ಮೆಟ್‌ಫಾರ್ಮಿನ್ ನುಂಗುವ ಪತ್ನಿ ಕುತೂಹಲಕ್ಕೆ ಅವುಗಳಲ್ಲಿ ಕೆಲವನ್ನು ಮುಗಿಸಿದ್ದರು!

ಸಿಟ್ಟು ಬಂದಾಗ ಫೋನ್ ಕುಕ್ಕಿ ಸುಮ್ಮನಾಗುವುದು ನಮ್ಮ ಅಭ್ಯಾಸ. ಅಮೆರಿಕದಲ್ಲಿ ಲೈಫ್‌ಸ್ಕ್ಯಾನ್ ಕಂಪನಿಯ ಒಂದು ಮೀಟರ್, ಸಕ್ಕರೆ 500 ದಾಟಿದಾಗ "ತೀರ ಹೆಚ್ಚು" ಎಂದು ಎಚ್ಚರಿಸುವ ಬದಲು ಕೆಲವೊಮ್ಮೆ ಬರಿಯ ದೋಷದ ಸಂಕೇತ ತೋರಿಸುತ್ತಿತ್ತು. ಆಸ್ಪತ್ರೆಗೆ ಓಡಬೇಕಾದ ರೋಗಿ ಯಂತ್ರ ಕೆಟ್ಟಿದೆ ಎಂದುಕೊಳ್ಳುವಂತಾಗಿತ್ತು. ದೋಷವನ್ನು ಸರ್ಕಾರದಿಂದ ಮುಚ್ಚಿಟ್ಟ ಆರೋಪದಲ್ಲಿ ಕಂಪನಿ 2000ದ ಡಿಸೆಂಬರಿನಲ್ಲಿ ತಪ್ಪೊಪ್ಪಿಕೊಂಡು ಸುಮಾರು 6 ಕೋಟಿ ಡಾಲರ್ ತೆತ್ತಿತು. ನಮ್ಮಲ್ಲೂ ವೈದ್ಯಕೀಯ ಉಪಕರಣಗಳಿಂದಾದ ತೊಂದರೆಗಳನ್ನು ದಾಖಲಿಸುವ ರಾಷ್ಟ್ರೀಯ ಕಾರ್ಯಕ್ರಮ 2015ರಿಂದ ಇದೆ. ಅದರ ಉಚಿತ ದೂರವಾಣಿ 1800-180-3024. ಬೆಲೆ, ವಾರಂಟಿ, ಸೇವೆಯ ದೂರುಗಳಿಗೆ ಗ್ರಾಹಕರ ಸಹಾಯವಾಣಿ 1915. ರಸೀತಿ, ಯಂತ್ರದ ಸಂಖ್ಯೆ, ಪಟ್ಟಿ ಡಬ್ಬಿಯ ತಂಡ ಸಂಖ್ಯೆ ಇಟ್ಟುಕೊಂಡು ಮಾತಾಡಿ. ನನ್ನ ಅನುಭವದಲ್ಲಿ ಸಂಖ್ಯೆ ಹೇಳುವ ಗ್ರಾಹಕನ ಜೊತೆ ಕಂಪನಿಗಳು ಸ್ವಲ್ಪ ಮರ್ಯಾದೆಯಿಂದ ವರ್ತಿಸುತ್ತವೆ.

ತೋಳಿಗೆ ಅಂಟಿಸುವ ಸೆನ್ಸರ್ ಹಾಕಿಸಿಕೊಂಡರೆ ಈ ರಗಳೆ ತಪ್ಪುತ್ತದೆಯೇ ಎಂದು ಹಲವರು ಕೇಳುತ್ತಾರೆ. ಉಪಕಾರವಿದೆ, ಮುಖ್ಯವಾಗಿ ಇನ್ಸುಲಿನ್ ಬಳಸುವವರಿಗೆ. ಆದರೆ ಅದನ್ನೂ ಸಾಮಾನ್ಯವಾಗಿ ಎರಡು ವಾರಕ್ಕೊಮ್ಮೆ ಕೊಳ್ಳಬೇಕು, ಜೊತೆಗೆ ಮೊಬೈಲ್ ಫೋನಿನ ಸಹವಾಸ ಬೇರೆ. ಫೋನ್ ಬದಲಿಸಿದಾಗ, ಅದರ ತಂತ್ರಾಂಶ ಹೊಸದಾದಾಗ ಎಚ್ಚರಿಕೆಯ ಗಂಟೆ ಬಾರಿಸದೇ ಹೋಗಬಹುದು ಎಂದು ಅಮೆರಿಕದ ಎಫ್‌ಡಿಎ 2025ರ ಫೆಬ್ರವರಿಯಲ್ಲಿ ಎಚ್ಚರಿಸಿತು. ಚರ್ಮ ಚುಚ್ಚದೆಯೇ ಸಕ್ಕರೆ ಅಳೆಯುತ್ತೇವೆ ಎನ್ನುವ ಕೈಗಡಿಯಾರ, ಉಂಗುರಗಳನ್ನು ನಂಬಬೇಡಿ ಎಂದು ಅದೇ ಸಂಸ್ಥೆ 2024ರ ಫೆಬ್ರವರಿಯಲ್ಲೇ ಹೇಳಿತ್ತು. ಆದರೂ ಅಂಥ ಗಡಿಯಾರ ಕಟ್ಟಿಕೊಂಡು ಬರುವ ರೋಗಿಗಳು ನನಗೆ ಈಗಲೂ ಸಿಗುತ್ತಾರೆ.

ಮೇಷ್ಟ್ರು ಈಗ ಇಲ್ಲಿಯದೇ ಒಂದು ಯಂತ್ರ ಕೊಂಡಿದ್ದಾರೆ. ಪಟ್ಟಿ ಡಬ್ಬಿಯ ಮೇಲೆ ತೆರೆದ ದಿನಾಂಕವನ್ನು ಕೆಂಪು ಶಾಯಿಯಲ್ಲಿ ಬರೆಯುತ್ತಾರೆ. ಹಳೆಯದನ್ನು ಎಸೆದಿರಾ ಎಂದು ಮೊನ್ನೆ ಕೇಳಿದೆ. ಇಲ್ಲವಂತೆ. ಅದರೊಳಗಿನ ಗಡಿಯಾರ ಇನ್ನೂ ಆಸ್ಟ್ರೇಲಿಯದ ಸಮಯ ತೋರಿಸುತ್ತದೆ, ಮಗನಿಗೆ ಫೋನ್ ಮಾಡುವ ಮುಂಚೆ ನೋಡಿಕೊಳ್ಳುತ್ತೇನೆ ಎಂದರು.