ಕಿತ್ತುಕೊಂಡ ಪುಸ್ತಕ

ಕುರುಗೋಡಿನ ಶಾಲೆಯೊಂದರಲ್ಲಿ ಸರೀಸೃಪಗಳ ಪಾಠ ಮಾಡುತ್ತಿದ್ದೆ. ಪಠ್ಯಪುಸ್ತಕದೊಳಗೆ ತೇಜಸ್ವಿಯವರ ‘ಕರ್ವಾಲೊ’ (1980) ಇಟ್ಟುಕೊಂಡು ಓದುತ್ತಿದ್ದ ಹುಡುಗನ ಕೈಯಿಂದ ಅದನ್ನು ಕಿತ್ತುಕೊಂಡೆ. ರಾತ್ರಿ ಕುತೂಹಲಕ್ಕೆಂದು ತೆರೆದವನು ಮುಗಿಸಿಯೇ ಮಲಗಿದ್ದು.

ಹಾರುವ ಓತಿ ನಿಜವಾಗಿ ಹಾರುವುದಿಲ್ಲ. ಉದ್ದನೆಯ ಪಕ್ಕೆಲುಬುಗಳನ್ನು ಚಾಚಿ, ಅವುಗಳ ಮೇಲಿನ ಚರ್ಮವನ್ನು ಹರಡಿ ಮರದಿಂದ ಮರಕ್ಕೆ ತೇಲುತ್ತದೆ. ನಾನು ಬರೆಸಿದ್ದು ಇಷ್ಟೇ. ಹುಡುಗ ಅದನ್ನು ಹುಡುಕಿಕೊಂಡು ಕಾಡಿಗೇ ಹೋಗಿದ್ದ!

ಮರುದಿನ ಪುಸ್ತಕ ಹಿಂದಿರುಗಿಸಿದೆ. ಜೊತೆಗೆ ಇನ್ನೂ ಹಳೆಯದೊಂದನ್ನು ಕೊಟ್ಟೆ: ಸಸ್ಯಶಾಸ್ತ್ರದ ಮೇಷ್ಟ್ರೊಬ್ಬರು ವಿದ್ಯಾರ್ಥಿಗಳೊಡನೆ ಕಾಡು ಸುತ್ತಿದ ಕಥೆ, ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’.

ವಾರದಲ್ಲೇ ಸಿರುಗುಪ್ಪದಿಂದ ಅವನ ತಂದೆ ಬಂದರು. “ಸಾರ್, ಇದನ್ನ ಓದಿದ್ರೆ ಮಾರ್ಕ್ಸ್ ಬರ್ತಾವೇನ್ರೀ?”

“ನೀವೂ ಒಮ್ಮೆ ಓದಿ ನೋಡ್ರಿ” ಎಂದೆ.

ಮೊನ್ನೆ ಬಳ್ಳಾರಿಯಲ್ಲಿ ಹೊಸ ಪ್ರತಿ ಕೊಂಡೆ. ಹಳೆಯದು ಸಿರುಗುಪ್ಪದಿಂದ ಇನ್ನೂ ಬಂದಿಲ್ಲ.